ಸೇವಾ ಸಂಘಕ್ಕೆ ಲೋಗೋ ಮಾಡುವ ಮೊದ್ಲು ರೆಡ್ ಕ್ರಾಸ್ ಕಥೆ ತಿಳ್ಕೊಳ್ಳಿ

ನಮ್ಮ ಮಂಗಳೂರು ಉಡುಪಿ ಕಡೆ ಯುವಕ ಮಂಡಲದವ್ರೋ ಫ್ರೆಂಡ್ಸ್ ಸರ್ಕಲ್‌ನವ್ರೋ ಸೇರಿ ರಕ್ತದಾನ ಕ್ಯಾಂಪ್, ಆಂಬುಲೆನ್ಸ್ ಅಂತ ಶುರು ಮಾಡಿದ್ರೆ ಲೋಗೋಕ್ಕೆ ಮೊದ್ಲು ಬರುದೇ ಕೆಂಪು ಪ್ಲಸ್. ದಯವಿಟ್ಟು ಅದನ್ನು ಹಾಕ್ಬೇಡಿ, ಅದು ಯುದ್ಧ, ವಿಪತ್ತಿನಲ್ಲಿ ಸಹಾಯ ಮಾಡುವ ರೆಡ್ ಕ್ರಾಸ್ ಅನ್ನುವ ಅಂತಾರಾಷ್ಟ್ರೀಯ ಸಂಸ್ಥೆಯ ಗುರುತು. 1960ರ ಜಿನೀವಾ ಕನ್ವೆನ್ಶನ್ಸ್ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಅದನ್ನು ಬಳಸ್ಲಿಕ್ಕಿಲ್ಲ, ಹತ್ರ ಹತ್ರ ಹಾಗೇ ಕಾಣುವ ಡಿಸೈನ್ ಸಹ ಆಗುದಿಲ್ಲ.

ಯಾಕೆ ಇಷ್ಟು ಸ್ಟ್ರಿಕ್ಟ್ ಅಂದ್ರೆ, ಯುದ್ಧದ ಮಧ್ಯೆ ಆ ಗುರುತು ಕಂಡ್ರೆ ಗುಂಡು ಹೊಡಿಬಾರ್ದು ಅಂತ ಲೆಕ್ಕ. 1859ರಲ್ಲಿ ಇಟಲಿಯ ಸೋಲ್ಫೆರಿನೋದಲ್ಲಿ ಸಾವಿರಾರು ಸೈನಿಕರು ಗಾಯ ಆಗಿ ಬಿದ್ದಿದ್ದಾಗ ಆನ್ರಿ ಡ್ಯೂನಾನ್ ಅಂತ ಸ್ವಿಸ್ ವ್ಯಾಪಾರಿಯೊಬ್ರು ಊರಿನ ಹೆಂಗಸ್ರನ್ನು ಸೇರಿಸಿ ಎರಡೂ ಪಕ್ಷದವ್ರಿಗೆ ಆರೈಕೆ ಮಾಡಿದ್ರು, ಅಲ್ಲಿಂದ ಹುಟ್ಟಿದ ವಿಚಾರ 1864ರ ಜಿನೀವಾ ಒಪ್ಪಂದ ಆಯ್ತು, ಬಿಳಿ ಮೇಲೆ ಕೆಂಪು ಕ್ರಾಸ್ ಬಂತು. ಅದು ಸ್ವಿಸ್ ಧ್ವಜದ ಬಣ್ಣ ಅದಲು ಬದಲು ಮಾಡಿದ್ದು, ಧರ್ಮದ ಅರ್ಥ ಅದಕ್ಕೆ ಕೊಟ್ಟಿಲ್ಲ. ಆದ್ರೂ ನೋಡಿದವ್ರಿಗೆ ಶಿಲುಬೆ ಹಾಗೆ ಕಂಡ್ರೆ ಎಂತ ಮಾಡುದು? 1876ರಲ್ಲಿ ಒಟ್ಟೋಮನ್ ತುರ್ಕಿಯವ್ರು ಅದ್ರ ಬದ್ಲಿಗೆ ಕೆಂಪು ಅರ್ಧಚಂದ್ರ ಹಿಡಿದ್ರು, 2005ರಲ್ಲಿ ಯಾವ ಧರ್ಮವೂ ನೆನಪಾಗದ ಕೆಂಪು ಕ್ರಿಸ್ಟಲ್ ಅಂತ ಇನ್ನೊಂದು ಗುರುತನ್ನು ಒಪ್ಪಿದ್ರು, ಮೂಲೆ ಮೇಲೆ ನಿಲ್ಸಿದ ಚೌಕದ ಹಾಗೆ ಉಂಟು ಅದು.

ಹಾಗಾಗಿ ಚಿತ್ರ ಬಿಡಿಸ್ಲಿಕ್ಕೆ ಕೂರುವ ಮೊದ್ಲು ಸಂಘದವ್ರು ಕೂತು ಮೌಲ್ಯ ಬರೀರಿ. ರೆಡ್ ಕ್ರಾಸ್‌ನವ್ರು 1965ರಲ್ಲಿ ವಿಯೆನ್ನಾದಲ್ಲಿ ಘೋಷಿಸಿದ್ದು 7: ಮಾನವೀಯತೆ, ಪಕ್ಷಪಾತ ಇಲ್ಲದಿರುದು, ತಟಸ್ಥತೆ, ಸ್ವಾತಂತ್ರ್ಯ, ಸ್ವಯಂಸೇವೆ, ಏಕತೆ, ಸಾರ್ವತ್ರಿಕತೆ. ನಿಮಗೆ ಅಷ್ಟೂ ಬೇಡ, ನಿಜವಾಗಿ ನಡೆಸ್ಲಿಕ್ಕೆ ಆಗುವ ಎರಡೋ ಮೂರೋ ಸಾಕು, ಅದೂ ಮಾತಾಡುವ ಭಾಷೆಯಲ್ಲೇ ಇರ್ಲಿ, ಯಾರು ಫೋನ್ ಮಾಡಿದ್ರೂ ಹೆಸ್ರು ಜಾತಿ ಕೇಳದೆ ಗಾಡಿ ಹೊರಡ್ತದೆ, ಆ ತರ.

ಇನ್ನು ಬಣ್ಣ. ನಮ್ಮ ಕರಾವಳಿಯಲ್ಲಿ ಬರೀ ಕೇಸರಿಯೋ ಬರೀ ಹಸಿರೋ ಹಾಕಿದ್ರೆ ಜನ ಸಂಘದ ಹೆಸ್ರು ಓದುವ ಮೊದ್ಲೇ ಇದು ಇಂಥವ್ರದ್ದು ಅಂತ ತೀರ್ಮಾನ ಮಾಡ್ತಾರೆ, ರಾತ್ರಿ ಎರಡು ಗಂಟೆಗೆ ರಕ್ತ ಬೇಕಾದವ್ರು ನಿಮ್ಗೆ ಫೋನ್ ಮಾಡ್ಲಿಕ್ಕೆ ಹಿಂಜರಿಬಾರ್ದಲ್ಲಾ. ನೀಲಿ ಬಿಳಿ ಆಗ್ಬಹುದು. ದೈವದ ಮುಡಿ, ಮೊಗ ಖಂಡಿತ ಬೇಡ, ಅದು ಆರಾಧನೆದ್ದು. ಕೈ, ರಕ್ತದ ಹನಿ, ದೋಣಿ ಎಲ್ಲ ಆಗ್ತದೆ, ದೋಣಿ ನನಗೆ ತುಂಬ ಇಷ್ಟ, ಕಡಲಿಗೆ ಹೋಗುವವ್ರಲ್ಲಿ ಎಲ್ಲ ಜಾತಿ ಧರ್ಮದವ್ರು ಇದ್ದಾರೆ.

ಡ್ರಾಫ್ಟ್ ಆದ ಮೇಲೆ ಮಸೀದಿ, ಇಗರ್ಜಿ, ದೇವಸ್ಥಾನ ಮೂರೂ ಕಡೆಯ ಪರಿಚಯದವ್ರಿಗೆ ಏನೂ ವಿವರಿಸದೆ ತೋರ್ಸಿ, ಇದು ಯಾರ ಸಂಘ ಅಂತ ಅನಿಸ್ತದೆ ಅಂತ ಕೇಳಿ. ಒಂದೇ ಪಂಗಡದ ಹೆಸ್ರು ಬಂದ್ರೆ ಬದಲಾಯ್ಸಿ. ರಶೀದಿ ಪುಸ್ತಕದ ರಬ್ಬರ್ ಸೀಲಿನಷ್ಟು ಸಣ್ಣದು ಮಾಡಿ ಒಂದೇ ಬಣ್ಣದಲ್ಲಿ ಪ್ರಿಂಟ್ ಹೊಡ್ಸಿ, ಗುರುತು ಸಿಗದಿದ್ರೆ ಗೆರೆ ಕಮ್ಮಿ ಮಾಡಿ. ಹಳೇ ಗಾಡಿಯಲ್ಲಿ, ಫಸ್ಟ್ ಏಡ್ ಬಾಕ್ಸಲ್ಲಿ ಕೆಂಪು ಪ್ಲಸ್ ಇದ್ರೆ ಹೊಸ ಸ್ಟಿಕ್ಕರ್ ಅಂಟಿಸುವ ದಿನವೇ ಅದನ್ನು ತೆಗೆಸಿ.