ನನ್ನದಲ್ಲದ ಕೆಲಸ ಹೆಗಲೇರಿದಾಗ ಲೆಕ್ಕ ಇಟ್ಟ ಬಗೆ

ನೇಮಕಾತಿ ಪತ್ರಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ‘ಆಗಾಗ ವಹಿಸುವ ಇತರ ಕೆಲಸಗಳು’. ಹಾಗಾಗಿ ‘ಇದು ನನ್ನ ಕೆಲಸ ಅಲ್ಲ’ ಎಂಬ ವಾದ ಬಾಯಿಬಿಟ್ಟ ಕೂಡಲೇ ಬಿದ್ದುಹೋಗುತ್ತದೆ. ನಾನು ಅದನ್ನು ಬಿಟ್ಟು ಎರಡೇ ವಿಷಯ ಹಿಡಿದೆ: ಎಷ್ಟು ಹೊತ್ತು ಹೋಗುತ್ತಿದೆ, ಅದರಿಂದ ಏನು ನಿಲ್ಲುತ್ತಿದೆ.

ಮೊದಲು 10 ಕೆಲಸದ ದಿನ ಬರೆದಿಟ್ಟೆ. ಐದು ಕಾಲಂ ಸಾಕು: ದಿನಾಂಕ, ಕೇಳಿದವರು, ಕೆಲಸ, ಹಿಡಿದ ನಿಮಿಷ, ಅದಕ್ಕಾಗಿ ಬದಿಗಿಟ್ಟ ಕೆಲಸ. ಕೊನೆಯ ಕಾಲಂ ಖಾಲಿ ಬಿಟ್ಟರೆ ಇಡೀ ಪಟ್ಟಿ ಬರೀ ಗೊಣಗಾಟದಂತೆ ಕಾಣುತ್ತದೆ. ಆಯಾ ದಿನವೇ ಬರೆಯಬೇಕು. ವಾರದ ಕೊನೆಗೆ ನೆನಪಿಸಿಕೊಳ್ಳಲು ಕೂತರೆ ಸಣ್ಣಪುಟ್ಟವೆಲ್ಲ ಸೋರಿಹೋಗಿರುತ್ತವೆ; ಹೊತ್ತು ತಿನ್ನುವುದೋ ಅವೇ. ದಿನಕ್ಕೆ 45 ನಿಮಿಷ ಎಂದರೆ ಯಾರಿಗೂ ದೊಡ್ಡದೆನಿಸದು. ಐದು ದಿನಕ್ಕೆ ಅದು 3 ಗಂಟೆ 45 ನಿಮಿಷ, ನಾಲ್ಕು ವಾರಕ್ಕೆ 15 ಗಂಟೆ. ಎಂಟು ಗಂಟೆಯ ಪಾಳಿಯಾದರೆ ಎರಡು ದಿನಕ್ಕೆ ಒಂದೇ ಗಂಟೆ ಕಮ್ಮಿ.

ಪಟ್ಟಿ ಕೈಗೆ ಬಂದ ಮೇಲೆ ವಿಂಗಡಣೆ. ಒಂದೇ ಸಲದ ಕೆಲಸಕ್ಕೆ ತಕರಾರಿಲ್ಲ, ಮಾಡಿ ಮುಗಿಸುವುದು. ರಜೆ ಹೋದವರ ಬದಲಿಗೆ ಮಾಡುವುದಾದರೆ ಅವರು ಮರಳುವ ದಿನಾಂಕ ಕೇಳುತ್ತೇನೆ. ವಾರ ವಾರ ಮರಳಿ ಬರುವ ಕೆಲಸವಿದೆಯಲ್ಲ, ಮಾತಿಗೆ ಕೂರಬೇಕಾದದ್ದು ಅದಕ್ಕೆ ಮಾತ್ರ. ಇನ್ನು ತರಬೇತಿಯಿಲ್ಲದೆ ವಿದ್ಯುತ್ ಪ್ಯಾನೆಲ್ ಮುಟ್ಟುವುದು, ಫೋರ್ಕ್‌ಲಿಫ್ಟ್ ಓಡಿಸುವುದು, ಬೇರೆಯವರ ಪಾಸ್‌ವರ್ಡ್‌ನಲ್ಲಿ ಬಿಲ್ ಮಂಜೂರು ಮಾಡುವುದು: ಇವಕ್ಕೆ ನೇರವಾಗಿ ‘ಆಗುವುದಿಲ್ಲ’. ಏರುಪೇರಾದರೆ ಕೆಲಸ ಹೇಳಿದವರಷ್ಟೇ ಅಲ್ಲ, ಮಾಡಿದ ನಾವೂ ಉತ್ತರ ಕೊಡಬೇಕಾದೀತು.

ಮೇಲಧಿಕಾರಿಯ ಮುಂದೆ 15 ನಿಮಿಷ ಸಾಕು. ಪಟ್ಟಿ ಮುಂದಿಟ್ಟು ಒಂದೇ ಪ್ರಶ್ನೆ: ‘ಇದನ್ನು ನಾನು ನೋಡಿಕೊಳ್ಳುತ್ತೇನೆ ಸರ್, ಇವುಗಳಲ್ಲಿ ಯಾವುದನ್ನು ಹಿಂದಕ್ಕೆ ಹಾಕಲಿ?’ ‘ಎರಡನ್ನೂ ಹೇಗಾದರೂ ಹೊಂದಿಸಿಕೊಳ್ಳಿ’ ಎಂಬ ಉತ್ತರ ಬಂದೇ ಬರುತ್ತದೆ. ಆಗ ವಾದಕ್ಕಿಳಿಯದೆ, ‘ಹಾಗಾದರೆ ಮಾಸಿಕ ವರದಿ 3ನೇ ತಾರೀಖಿನ ಬದಲು 6ಕ್ಕೆ ಬರುತ್ತದೆ, ಆದೀತೇ?’ ಎಂದು ಕೇಳಬೇಕು. ‘ತಡವಾಗುತ್ತದೆ’ ಎಂದಷ್ಟೇ ಹೇಳಿದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ತಾರೀಖು ಹೇಳಿದರೆ ನಿರ್ಧಾರ ಅವರದಾಗುತ್ತದೆ.

ಅದೇ ದಿನ ಮೂರು ಸಾಲಿನ ಇಮೇಲ್: ‘ಇವತ್ತು ಮಾತಾಡಿದಂತೆ ಸ್ಟಾಕ್ ಎಂಟ್ರಿಯನ್ನು ಆರು ವಾರ ನಾನು ಮಾಡುತ್ತೇನೆ. ಅಲ್ಲಿಯವರೆಗೆ ವರದಿ 6ನೇ ತಾರೀಖಿಗೆ. ಆರನೇ ವಾರ ಮತ್ತೆ ಕೂತು ನೋಡೋಣ.’ ಉತ್ತರ ಬಾರದಿದ್ದರೂ ಪರವಾಗಿಲ್ಲ, ಕಳುಹಿಸಿದ ದಿನಾಂಕ ಇರುತ್ತದಲ್ಲ.

ಕೆಡುವುದು ಹೆಚ್ಚಾಗಿ ಆಮೇಲೆ. ಆರನೇ ವಾರ ಯಾರಿಗೂ ನೆನಪಿರುವುದಿಲ್ಲ, ಕ್ಯಾಲೆಂಡರ್‌ನಲ್ಲಿ ಆವತ್ತೇ ಗುರುತು ಹಾಕದಿದ್ದರೆ ನಮಗೂ ಇರುವುದಿಲ್ಲ. ಇನ್ನೊಂದು, ಆ ಕೆಲಸ ಬಲ್ಲವರು ನಾವೊಬ್ಬರೇ ಆಗಿಬಿಡುವುದು. ಚೆನ್ನಾಗಿ ಮಾಡಿದಷ್ಟೂ ಅದು ಅಂಟಿಕೊಳ್ಳುತ್ತದೆ! ಅದಕ್ಕೇ ಮೊದಲ ವಾರದಲ್ಲೇ ಯಾವ ಫೈಲ್ ಎಲ್ಲಿದೆ, ಯಾರನ್ನು ಕೇಳಬೇಕು, ಎಲ್ಲಿ ತಪ್ಪಾಗುತ್ತದೆ ಎಂದು ಒಂದು ಪುಟ ಬರೆದಿಡುವುದು. ವಹಿಸಿಕೊಡುವಾಗ ಬದಲಿಯವರು ಎರಡು ಸಲ ನಮ್ಮೆದುರೇ ಮಾಡಬೇಕು, ನಾವು ಕೀಬೋರ್ಡ್ ಮುಟ್ಟಬಾರದು. ಕೆಲಸಕ್ಕೆಂದು ಕೊಟ್ಟ ಲಾಗಿನ್ ಅನುಮತಿಯನ್ನೂ ಅದೇ ದಿನ ತೆಗೆಸಬೇಕು. ಅದು ಉಳಿದರೆ ‘ಒಂದೇ ನಿಮಿಷ, ನೋಡಿಬಿಡಿ’ ಎಂಬ ಫೋನ್ ತಪ್ಪದು.