ಸಬ್‌ವೂಫರ್ ಪರೀಕ್ಷೆಗೆ ವಾಲಗವೇ ಒಳ್ಳೆಯದು
ಮಡಿಕೇರಿಗೋ ಕುಶಾಲನಗರಕ್ಕೋ ತಗ್ಗಿನ ಸದ್ದಿಗೆಂದೇ ಇರುವ ಸ್ಪೀಕರ್, ಅಂದರೆ ಸಬ್‌ವೂಫರ್ ಕೊಳ್ಳಲು ಹೋದಾಗ ಅಂಗಡಿಯವರ ಹಾಡು ಬೇಡ, ನಿಮಗೆ ಚೆನ್ನಾಗಿ ಪರಿಚಯವಿರುವ ವಾಲಗದ ಧ್ವನಿಮುದ್ರಣ ಹಾಕಿಸಿ. ಡೋಲಿನ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಬಂದು ಥಟ್ಟನೆ ನಿಲ್ಲಬೇಕು. ಸ್ಪೀಕರಿನಲ್ಲಿ ಅದುರಿ ಸದ್ದು ಹೊರಡಿಸುವ ಕೋನ್ ಬೇಗ ನಿಲ್ಲದಿದ್ದರೆ ‘ಗುಂ’ ಎಂಬ ಬಾಲ ಉಳಿದು ಮುಂದಿನ ಪೆಟ್ಟನ್ನು ನುಂಗುತ್ತದೆ. ಅಂಥದ್ದು ಎಷ್ಟೇ ಅಬ್ಬರಿಸಿದರೂ ಬೇಡ. ಎರಡನ್ನು ಹೋಲಿಸುವಾಗ ಸದ್ದಿನ ಮಟ್ಟ ಸಮವಾಗಿರಲೇಬೇಕು, ಏಕೆಂದರೆ ಸ್ವಲ್ಪ ಜೋರಾಗಿರುವುದೇ ಕಿವಿಗೆ ಉತ್ತಮವೆನಿಸುತ್ತದೆ. ಮೂಲೆಯಲ್ಲಿಟ್ಟಿದ್ದರೆ ಈಚೆಗೆ ಎಳೆಸಿ ಕೇಳಿ. ಗೋಡೆಗಳು ಬಾಸನ್ನು, ಅಂದರೆ ತಗ್ಗಿನ ಸದ್ದನ್ನು, ಉಬ್ಬಿಸುತ್ತವೆ. ಮದುವೆ ಮನೆಯಲ್ಲಿ ಮೊಬೈಲಿನಲ್ಲಿ ಹಿಡಿದ ವಾಲಗದಿಂದ ಈ ಪರೀಕ್ಷೆ ಆಗುವುದಿಲ್ಲ, ಅದರಲ್ಲಿ ತಗ್ಗಿನ ಸದ್ದು ಸರಿಯಾಗಿ ದಾಖಲಾಗಿರುವುದಿಲ್ಲ. ಶೀಟಿನ ಮಾಡಿನ ಮೇಲೆ ಜಡಿಮಳೆ ಸುರಿಯುತ್ತಿದ್ದರೂ ಅಷ್ಟೇ, ಇನ್ನೊಂದು ದಿನ ಹೋಗಿ.