ಆರು ಪಿನ್ನಿನ ಕಾರ್ಡು, ಹಳೆಯ ಎಸ್‌ಎಂಪಿಎಸ್

ಕೋರ್ ಐ5-2400 ಪ್ರೊಸೆಸರ್ ಇರುವ ನನ್ನ ಹಳೆಯ ಡೆಸ್ಕ್‌ಟಾಪ್‌ಗೆ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡನ್ನು ಕೂರಿಸಲು ಹೊರಟಾಗ ಸ್ಲಾಟಿನಲ್ಲಿ ಅದು ಸಲೀಸಾಗಿಯೇ ಕುಳಿತಿತು. ಆದರೆ ಅದರ ಅಂಚಿನಲ್ಲಿದ್ದ ಆರು ಪಿನ್ನಿನ ಸಾಕೆಟ್ಟಿಗೆ ಹೊಂದುವ ವೈರು ಕಂಪ್ಯೂಟರಿನ ಭಾಗಗಳಿಗೆಲ್ಲ ವಿದ್ಯುತ್ ಹಂಚುವ 300 ವ್ಯಾಟ್‌ನ ಎಸ್‌ಎಂಪಿಎಸ್‌ ಪೆಟ್ಟಿಗೆಯಿಂದ ಒಂದೂ ಹೊರಟಿರಲಿಲ್ಲ.

ಹಾರ್ಡ್ ಡಿಸ್ಕಿಗೆ ವಿದ್ಯುತ್ ಕೊಡುವ ಸಾಟಾ ಪ್ಲಗ್ಗನ್ನು ಆರು ಪಿನ್ನಿಗೆ ಬದಲಿಸುವ ಅಡಾಪ್ಟರೊಂದು ಕೈಯಲ್ಲಿತ್ತು. ಪ್ಲಗ್ಗು ಹೊಂದಿದ ಮಾತ್ರಕ್ಕೆ ವಿದ್ಯುತ್ತೂ ಹೊಂದುತ್ತದೆಂದು ನಂಬುವ ತಪ್ಪನ್ನು ನಾನೂ ಮಾಡುವುದರಲ್ಲಿದ್ದೆ. ಸಾಟಾ ಪ್ಲಗ್ಗಿನಲ್ಲಿ 12 ವೋಲ್ಟಿಗೆ ಮೂರು ಪಿನ್ನುಗಳಿದ್ದು, ಒಂದೊಂದರ ಮಿತಿ 1.5 ಆಂಪಿಯರ್, ಅಂದರೆ ಒಟ್ಟು 54 ವ್ಯಾಟ್. ಆರು ಪಿನ್ನಿನ ಸಾಕೆಟ್ಟಾದರೋ 75 ವ್ಯಾಟ್‌ವರೆಗೆ ಎಳೆಯಬಹುದು. ಈ ಅಂತರವೇ ಪ್ಲಗ್ಗು ಕರಗುವುದಕ್ಕೆ ಸಾಕು. ನಾಲ್ಕು ಪಿನ್ನಿನ ಹಳೆಯ ಮಾದರಿಯ ಎರಡು ಮೋಲೆಕ್ಸ್ ಪ್ಲಗ್ಗುಗಳನ್ನು ಸೇರಿಸುವ ಅಡಾಪ್ಟರ್ ಇದಕ್ಕಿಂತ ಮೇಲು, ಆದರೆ ನನ್ನಲ್ಲಿದ್ದ ಎರಡೂ ಮೋಲೆಕ್ಸ್‌ಗಳು ಒಂದೇ ವೈರಿನ ಮೇಲೆ ಪೋಣಿಸಿದಂತಿದ್ದುದರಿಂದ ಹೊರೆ ಹಂಚಿಕೆಯಾಗುವ ಹಾಗಿರಲಿಲ್ಲ.

ಕೊನೆಗೆ ಎಸ್‌ಎಂಪಿಎಸ್ ಹೊರತೆಗೆದು, ಧೂಳು ಒರೆಸಿ, ಪಕ್ಕದ ಲೇಬಲ್ ಓದಿದೆ. ದೊಡ್ಡಕ್ಷರದ 300 ವ್ಯಾಟ್‌ನಲ್ಲಿ 12 ವೋಲ್ಟಿಗೆ ಸಿಗುತ್ತಿದ್ದುದು ಒಟ್ಟು 216 ವ್ಯಾಟ್, ಅಂದರೆ 18 ಆಂಪಿಯರ್ ಮಾತ್ರ. ಪ್ರೊಸೆಸರ್ 95 ವ್ಯಾಟ್, ಕಾರ್ಡು 120 ವ್ಯಾಟ್. ಹಾರ್ಡ್ ಡಿಸ್ಕನ್ನೂ ಫ್ಯಾನುಗಳನ್ನೂ ಸೇರಿಸುವ ಮೊದಲೇ ಲೆಕ್ಕ ಮುಗಿದುಹೋಗಿತ್ತು. ಯಾವ ಅಡಾಪ್ಟರೂ ಈ ಕೊರತೆಯನ್ನು ತುಂಬಲಾರದು. ಹೊರಗಿನ ಪ್ಲಗ್ಗೇ ಬೇಡದ, ಸ್ಲಾಟಿನಿಂದಲೇ ಸಿಗುವ 75 ವ್ಯಾಟ್‌ನೊಳಗೆ ನಡೆಯುವ ಜಿಟಿಎಕ್ಸ್ 1050 ಟಿಐನಂತಹ ಕಾರ್ಡನ್ನು ಆರಿಸಿದ್ದರೆ ಈ ತೊಡಕೇ ಬರುತ್ತಿರಲಿಲ್ಲ ಎಂಬುದು ಆಗ ಹೊಳೆಯಿತು.

ಮದರ್‌ಬೋರ್ಡಿನದು ಮಾಮೂಲಿ 24 ಪಿನ್ನಿನ ಸಾಕೆಟ್ಟೇ ಎಂಬುದನ್ನು ಎಣಿಸಿ ಖಚಿತಪಡಿಸಿಕೊಂಡು 450 ವ್ಯಾಟ್‌ನ ಹೊಸ ಎಸ್‌ಎಂಪಿಎಸ್ ಹಾಕಿದೆ. ಕೆಲವು ಕಂಪನಿಗಳ ಸಿದ್ಧ ಡೆಸ್ಕ್‌ಟಾಪ್‌ಗಳಲ್ಲಿ ಈ ಸಾಕೆಟ್ಟೇ ಬೇರೆಯಾಗಿರುವುದರಿಂದ ಎಣಿಸುವುದನ್ನು ಬಿಡುವಂತಿಲ್ಲ. ಹೊಸದರ ವೈರುಗಳೆಲ್ಲ ಕಪ್ಪು. ಹಳದಿ ಎಂದರೆ 12 ವೋಲ್ಟ್ ಎಂಬ ಹಳೆಯ ಗುರುತು ಅಲ್ಲಿ ಕೆಲಸಕ್ಕೆ ಬರಲಿಲ್ಲ. ಎಂಟು ಪಿನ್ನಿನ ಎರಡು ಪ್ಲಗ್ಗುಗಳನ್ನು ಬೆಳಕಿಗೆ ಹಿಡಿದು ನೋಡಿದೆ: ನಾಲ್ಕು ಮತ್ತು ನಾಲ್ಕಾಗಿ ಸೀಳುವುದು ಪ್ರೊಸೆಸರಿನದು, ಆರು ಮತ್ತು ಎರಡಾಗಿ ಸೀಳುವುದು ಕಾರ್ಡಿನದು. ಇವೆರಡರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಸಾಲುಗಳು ಅದಲುಬದಲಾಗಿರುತ್ತವೆ. ತಪ್ಪು ಪ್ಲಗ್ಗು ಒಳಹೋಗದಂತೆ ಕೆಲವು ಪಿನ್ನುಗಳ ಮೂಲೆಗಳನ್ನು ಚೌಕವಾಗಿಯೂ ಕೆಲವನ್ನು ಕತ್ತರಿಸಿದಂತೆಯೂ ಮಾಡಿರುತ್ತಾರೆ, ಹಾಗಾಗಿ ಬಿಗಿಯೆನಿಸಿದರೆ ಬಲಪ್ರಯೋಗ ಸಲ್ಲದು.

ಪ್ರೊಸೆಸರಿಗೆ ನಾಲ್ಕು ಪಿನ್ನಿನ ಅರ್ಧವನ್ನೂ ಕಾರ್ಡಿಗೆ ಆರು ಪಿನ್ನಿನ ಭಾಗವನ್ನೂ ಟಿಕ್ಕೆಂದು ಕೊಂಡಿ ಕೂರುವವರೆಗೆ ಒತ್ತಿ, ಉಳಿದ ತುಂಡುಗಳನ್ನು ಫ್ಯಾನಿಗೆ ತಾಗದಂತೆ ಕಟ್ಟಿದೆ. ಅರ್ಧ ಗಂಟೆ ಪೂರ್ತಿ ಲೋಡ್ ಕೊಟ್ಟಾಗಲೂ 12 ವೋಲ್ಟ್ ರೀಡಿಂಗ್ 11.9ಕ್ಕಿಂತ ಇಳಿಯಲಿಲ್ಲ, 11.4ರವರೆಗೆ ಇಳಿಯಲು ಅವಕಾಶವಿದೆ. ಆಫ್ ಮಾಡಿ ಪ್ಲಗ್ಗನ್ನು ಮುಟ್ಟಿದೆ, ತುಸು ಬೆಚ್ಚಗಿತ್ತಷ್ಟೆ.